ಕೆಲಸ ಇದೆಯಾ ಅಂತ ಕೇಳಿದರೆ ಸಾಲದು

ನಮ್ಮ ಜನಕ್ಕೆ ಕೆಲಸ ಇಲ್ಲದ ಕಾಲ ಅಂತ ಯಾವುದೂ ಇರಲಿಲ್ಲ. ಸತ್ತ ದನ ಹೊರುವುದಕ್ಕೆ ನಾವಿದ್ದೆವು. ಸಾವಿನ ಸುದ್ದಿ ಹೊತ್ತು ಊರೂರು ತಿರುಗುವುದಕ್ಕೆ ನಾವಿದ್ದೆವು. ತಮಟೆ ಬಡಿಯುವುದಕ್ಕೆ, ಗುಂಡಿ ತೋಡುವುದಕ್ಕೆ, ಧಣಿಯ ಕೊಟ್ಟಿಗೆ ಬಳಿಯುವುದಕ್ಕೆ, ಪಟ್ಟಣದ ಮಲ ಹೊರುವುದಕ್ಕೆ ನಾವಿದ್ದೆವು. ಊರು ಇದ್ದಷ್ಟು ದಿನ ನಮಗೆ ಕೆಲಸ ಇತ್ತು. ಇಲ್ಲದ್ದು ಬೇರೆ. ಈ ಕೆಲಸ ಬೇಡ ಅನ್ನುವ ಹಕ್ಕು ಇರಲಿಲ್ಲ. ಇಷ್ಟು ಕೊಟ್ಟರೆ ಮಾತ್ರ ಬರುತ್ತೇನೆ ಅನ್ನುವ ಬಾಯಿ ಇರಲಿಲ್ಲ. ನಾಳೆ ಒಲೆ ಹೊತ್ತುತ್ತದೆ ಅನ್ನುವ ಧೈರ್ಯ ಇರಲಿಲ್ಲ.

ಹಾಗಾಗಿ ಮನೆಮನೆಗೆ ಬಂದು "ಕೆಲಸ ಇದೆಯಾ?" ಅಂತ ಕೇಳುವ ಸಮೀಕ್ಷೆಯನ್ನು ನಾವು ಎಚ್ಚರದಿಂದ ನೋಡಬೇಕು. ಪ್ರಶ್ನೆ ತಪ್ಪು ಅಂತ ಅಲ್ಲ, ಅದೊಂದೇ ಸಾಲದು ಅಂತ. ಕೆಲಸ ಇದ್ದೂ ಭದ್ರತೆ ಇಲ್ಲದ ಜನ ನಾವು. ನಮ್ಮ ಬದುಕನ್ನು ಅಳೆಯುವ ಕೋಲು ಬೇರೆಯೇ ಆಗಬೇಕು. ಆ ಕೋಲನ್ನು ಮಾಡಿಕೊಳ್ಳುವ ಕೆಲಸದಲ್ಲಿ ಹಾಸ್ಟೆಲ್ಲುಗಳಲ್ಲಿ ಓದುತ್ತಿರುವ ನಮ್ಮದೂ ಪಾಲಿರಬೇಕು.

ಮೊದಲು ಈಗಿನ ಲೆಕ್ಕ ಹೇಗೆ ನಡೆಯುತ್ತದೆ ಅಂತ ತಿಳಿಯೋಣ. ತಿಳಿಯದೆ ಬೈದರೆ ಅದು ಬರೀ ಬೈಗುಳ.

ಈ ದೇಶದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾದದ್ದು 1950ರಲ್ಲಿ, ಪಿ.ಸಿ. ಮಹಲನೋಬಿಸ್ ಅವರ ಮುಂದಾಳತ್ವದಲ್ಲಿ. ಎಲ್ಲ ಮನೆಗೂ ಹೋಗುವುದಕ್ಕೆ ಆಗುವುದಿಲ್ಲ. ಆಯ್ದ ಕೆಲವು ಮನೆಗಳಿಗೆ ಹೋಗಿ ಕೇಳಿ, ಅದರ ಮೇಲೆ ದೇಶದ ಲೆಕ್ಕ ಕಟ್ಟುತ್ತಾರೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡಿದ ಹಾಗೆ. 1970ರಲ್ಲಿ ಎಂ.ಎಲ್. ದಾಂತ್ವಾಲಾ ಅವರ ಸಮಿತಿ ಒಂದು ಮುಖ್ಯ ಮಾತು ಹೇಳಿತು. ಮುಂದುವರಿದ ದೇಶಗಳ ಅಳತೆ ನಮ್ಮ ದೇಶದ ದುಡಿಮೆಗೆ ಹೊಂದುವುದಿಲ್ಲ, ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹಿಡಿಯಲು ಆಗುವುದಿಲ್ಲ ಅಂತ. ಅದರ ಫಲವಾಗಿ 1972-73ರಿಂದ ವರ್ಷದ ಲೆಕ್ಕ, ವಾರದ ಲೆಕ್ಕ, ದಿನದ ಲೆಕ್ಕ ಅಂತ ಮೂರು ಬಗೆ ಬಂತು. 2017ರಿಂದ ನಡೆಯುತ್ತಿರುವ ಕಾರ್ಮಿಕ ಸಮೀಕ್ಷೆಯನ್ನು ಪತ್ರಿಕೆಗಳು ಪಿ.ಎಲ್.ಎಫ್.ಎಸ್. ಅಂತ ಬರೆಯುತ್ತವೆ. 2017-18ರ ಮೊದಲ ವರ್ಷದಲ್ಲಿ ಅದು 1,02,113 ಮನೆಗಳ ಬಾಗಿಲು ತಟ್ಟಿತು. 2025ರಲ್ಲಿ ಮನೆಗಳ ಸಂಖ್ಯೆಯನ್ನು ಹೆಚ್ಚು ಮಾಡಿ, ತಿಂಗಳು ತಿಂಗಳೂ ಅಂಕಿ ಕೊಡುವ ಪದ್ಧತಿ ಶುರು ಮಾಡಿದರು.

ಈಗ ಅದರ ನಿಯಮ ನೋಡಿ. ವಾರದ ಲೆಕ್ಕದಲ್ಲಿ, ಕಳೆದ ಏಳು ದಿನಗಳೊಳಗೆ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ಆ ವಾರಕ್ಕೆ ಅವರು ಉದ್ಯೋಗಸ್ಥರು. ಒಬ್ಬ ಹೆಂಗಸು ಸೋಮವಾರ ಒಂದು ದಿನ ಕಳೆ ಕಿತ್ತು, ಉಳಿದ ಆರು ದಿನ ಕೂಲಿ ಹುಡುಕಿ ಬರಿಗೈಲಿ ವಾಪಸ್ಸು ಬಂದಳು ಅಂತಿಟ್ಟುಕೊಳ್ಳಿ. ಆಕೆಯೂ ಉದ್ಯೋಗಸ್ಥೆ. ತಿಂಗಳ ಮೊದಲ ತಾರೀಖು ಸಂಬಳ ಎಣಿಸುವ ಗೆಜೆಟೆಡ್ ಅಧಿಕಾರಿಯೂ ಉದ್ಯೋಗಸ್ಥ. ಎಷ್ಟು ಗಂಟೆ ಮಾಡಿದಿರಿ, ಎಷ್ಟು ಕೂಲಿ ಬಂತು ಅಂತಲೂ ಫಾರಂನಲ್ಲಿ ಕೇಳುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಪತ್ರಿಕೆಯ ತಲೆಬರಹಕ್ಕೆ, ಮಂತ್ರಿಗಳ ಭಾಷಣಕ್ಕೆ ಬರುವುದು ಒಂದೇ ಅಂಕಿ: ನೂರಕ್ಕೆ ಇಷ್ಟು ಜನ ನಿರುದ್ಯೋಗಿಗಳು. ಆ ಅಂಕಿಯೊಳಗೆ ಆ ಹೆಂಗಸು ಇಲ್ಲವೇ ಇಲ್ಲ.

ಫಾರಂನಲ್ಲಿ ಪ್ರತಿಯೊಬ್ಬರಿಗೂ ಒಂದು ಕೋಡ್ ನಂಬರು ಇದೆ. ಸಂಬಳದ ಕೆಲಸಗಾರ 31. ದಿನಗೂಲಿಯವರು 51. ಕೆಲಸ ಹುಡುಕುತ್ತಿರುವವರು 81. ಕಾಲೇಜಿಗೆ ಹೋಗುವವರು 91. ಬರೀ ಮನೆಗೆಲಸ ಮಾಡುವವರು 92. ಮನೆಗೆಲಸದ ಜೊತೆಗೆ ಸೌದೆ ಆಯ್ದು, ಸೊಪ್ಪು ಕಿತ್ತು, ದನಕ್ಕೆ ಮೇವು ತರುವವರು 93. ಈ 91, 92, 93 ಮೂರೂ ದುಡಿಯುವವರ ಲೆಕ್ಕದಿಂದ ಹೊರಗೆ. ಕೂಲಿ ಸಿಗದ ದಿನಗಳಲ್ಲಿ ಮೈಲಿಗಟ್ಟಲೆ ನಡೆದು ಸೌದೆ ಹೊತ್ತು ತರುವ ನಮ್ಮ ಅವ್ವಂದಿರು 93 ಆದರೆ, ಅವರು ಉದ್ಯೋಗಸ್ಥರೂ ಅಲ್ಲ, ನಿರುದ್ಯೋಗಿಗಳೂ ಅಲ್ಲ. ಏನೂ ಅಲ್ಲ. ಕೆಲಸ ಸಿಗಲಿಲ್ಲ ಅಂತ ಇನ್ನೊಂದು ಎಂ.ಎ.ಗೆ ಸೇರಿಕೊಂಡು ಹಾಸ್ಟೆಲ್ಲಿನ ಮೂಲೆಯಲ್ಲಿ ಕೆ.ಪಿ.ಎಸ್.ಸಿ. ಕರೆಗೆ ಕಾಯುವ ನಮ್ಮ ಗೆಳೆಯ 91 ಆಗುತ್ತಾನೆ. ಅವನು ವಿದ್ಯಾರ್ಥಿ. ಅವನ ಕಾಯುವಿಕೆಗೆ ನಂಬರಿಲ್ಲ.

ಇನ್ನು ವರ್ಷಕ್ಕಿಷ್ಟು ಅಂತ ಮಾತಾಡಿ, ಮುಂಗಡ ಸಾಲ ತಗೊಂಡು, ಗೌಡರ ಮನೆಯಲ್ಲಿ ಹಗಲು ರಾತ್ರಿ ಇರುವ ಸಂಬಳದಾಳು? ಅವನ ದುಡಿಮೆ ದಿನದಿನಕ್ಕೆ ಗೊತ್ತಾಗುವುದಲ್ಲ. ಆದ್ದರಿಂದ ಅವನು ಸಂಬಳದ ಕೆಲಸಗಾರರ 31ನೇ ಮನೆಗೆ ಬೀಳುವುದು ಸುಲಭ. ವಿಧಾನಸೌಧದ ಗುಮಾಸ್ತನೂ ಅವನೂ ಒಂದೇ ನಂಬರು! ಕಾಗದದ ಮೇಲೆ ಎಂಥಾ ಸಮಾನತೆ ನೋಡಿ.

ಓದಿದವರಲ್ಲಿ ನಿರುದ್ಯೋಗ ಹೆಚ್ಚು, ಅಕ್ಷರ ಬಾರದವರಲ್ಲಿ ಕಡಿಮೆ ಅಂತ ಈ ಸಮೀಕ್ಷೆಗಳು ಹೇಳುತ್ತಾ ಬಂದಿವೆ. ಹಾಗಾದರೆ ಅಕ್ಷರ ಬಾರದವರು ಸುಖವಾಗಿದ್ದಾರಾ? ಕೆಲಸ ಇಲ್ಲ ಅಂತ ಕೂರುವುದಕ್ಕೂ ಮನೆಯಲ್ಲಿ ಒಂದು ಚೀಲ ರಾಗಿ ಇರಬೇಕು. ಅದಿಲ್ಲದವರು ಎಷ್ಟು ಕೊಟ್ಟರೆ ಅಷ್ಟಕ್ಕೆ, ಏನು ಕೊಟ್ಟರೆ ಅದಕ್ಕೆ ಹೋಗುತ್ತಾರೆ. 1918ರಷ್ಟು ಹಿಂದೆಯೇ ಬಾಬಾಸಾಹೇಬರು ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇಂಥದೇ ಕಾಯಿಲೆಯನ್ನು ಗುರುತಿಸಿದ್ದರು. ಭೂಮಿಗೆ ಅಂಟಿಕೊಂಡ ಜನ ಎಲ್ಲರೂ ಕೆಲಸದಲ್ಲಿರುವ ಹಾಗೆ ಕಾಣುತ್ತಾರೆ, ನಿಜದಲ್ಲಿ ಬಹಳಷ್ಟು ಜನಕ್ಕೆ ದುಡಿಮೆಯೇ ಇಲ್ಲ ಅನ್ನುವುದು ಅವರ ವಾದದ ತಿರುಳು. ನೂರು ವರ್ಷ ದಾಟಿತು. ತಲೆಬರಹದ ಅಂಕಿ ಮಾತ್ರ ಇನ್ನೂ ಹೊರಗಿನ ತೋರಿಕೆಯನ್ನೇ ಎಣಿಸುತ್ತಿದೆ.

ಯಾರು ಕೇಳುತ್ತಾರೆ, ಎಲ್ಲಿ ನಿಂತು ಕೇಳುತ್ತಾರೆ ಅನ್ನುವುದರ ಮೇಲೆ ಉತ್ತರ ನಿಂತಿದೆ. ಇದಕ್ಕೆ ಜೀತದ ಲೆಕ್ಕಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1976ರಲ್ಲಿ ಜೀತ ಪದ್ಧತಿ ರದ್ದಾದ ಕಾಯಿದೆ ಬಂತು. ಆಮೇಲೆ ದೇಶದಲ್ಲಿ ಜೀತದಾಳುಗಳು ಎಷ್ಟು ಅಂತ ಎರಡು ಲೆಕ್ಕ ಬಂದವು. ಸರ್ಕಾರದ ಮಾದರಿ ಸಮೀಕ್ಷೆ 1977-78ರಲ್ಲಿ, 16 ರಾಜ್ಯಗಳಲ್ಲಿ ಸುಮಾರು ಮೂರೂವರೆ ಲಕ್ಷ ಅಂತ ಹೇಳಿತು. ಅದೇ ಹೊತ್ತಿನಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ನಡೆಸಿದ ಸಮೀಕ್ಷೆ, ಬರೀ 10 ರಾಜ್ಯಗಳಲ್ಲಿ 26 ಲಕ್ಷಕ್ಕೂ ಹೆಚ್ಚು ಅಂದಿತು. ಕಮ್ಮಿ ರಾಜ್ಯ, ಏಳು ಪಟ್ಟು ಜೀತ! ದೇಶ ಅದೇ, ಕಾಲ ಅದೇ, ಹಗ್ಗವೂ ಅದೇ.

ಯಾಕೆ ಹೀಗೆ? ಜೀತ ಅಂದರೆ ಏನು ಅಂತ ಇಬ್ಬರೂ ಒಂದೇ ಅರ್ಥ ಇಟ್ಟುಕೊಂಡಿರಲಿಲ್ಲ, ಕೇಳಿದ ರೀತಿಯೂ ಒಂದೇ ಅಲ್ಲ. ಆದರೆ ಊರು ಗೊತ್ತಿರುವ ನಮಗೆ ಇನ್ನೊಂದು ಕಾರಣವೂ ಗೊತ್ತು. ಜೀಪು ಬಂದು ನಿಲ್ಲುವುದು ಗೌಡರ ಜಗಲಿಯ ಮುಂದೆ. ಕಾಫಿ ಕುಡಿಯುವುದು ಅಲ್ಲೇ. ಕರೆಸಿದ ಆಳು ಧಣಿಯ ಎದುರು ಕೈಕಟ್ಟಿ ನಿಂತಿರುತ್ತಾನೆ. "ಏನಪ್ಪಾ, ನೀನು ಜೀತಕ್ಕಿದ್ದೀಯಾ?" ಅಂತ ಸಾಹೇಬರು ಕೇಳಿದರೆ ಅವನು ಧಣಿಯ ಮುಖ ನೋಡುತ್ತಾನೆ. "ಇಲ್ಲ ಬುದ್ಧೀ, ಸಂಬಳಕ್ಕಿದ್ದೀನಿ" ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವತ್ತು ಸಂಜೆಯ ಮುದ್ದೆಯನ್ನು ಉಳಿಸಿಕೊಳ್ಳುತ್ತಿದ್ದಾನೆ. ಅಭದ್ರತೆ ಅಂದರೆ ಇದೇ ಕಣ್ರೋ: ನನಗೆ ಭದ್ರತೆ ಇಲ್ಲ ಅಂತ ಹೇಳುವುದಕ್ಕೂ ಭದ್ರತೆ ಬೇಕು.

ಹೆಸರು ಬದಲಾಯಿಸಿದರೂ ಲೆಕ್ಕ ಕಮ್ಮಿಯಾಗುತ್ತದೆ. ಮಲ ಹೊರುವ ಪದ್ಧತಿಯನ್ನು 1993ರ ಕಾಯಿದೆ ನಿಷೇಧಿಸಿತು. ಆದರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿಗಳು ತಮ್ಮನ್ನು ಮನೆಗಳಿಂದ ಒಕ್ಕಲೆಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ನಿಂತರು. ಆಗ ನಾಡು ಬೆಚ್ಚಿಬಿದ್ದು ನೋಡಿತು. ನಮ್ಮ ಜನ ಲೆಕ್ಕಕ್ಕೆ ಬರಬೇಕಾದರೆ ಇಷ್ಟು ಮಾಡಬೇಕಾ? 2013ರಲ್ಲಿ ಮತ್ತೊಂದು ಕಾಯಿದೆ ಬಂತು. 2013 ಮತ್ತು 2018ರ ಸಮೀಕ್ಷೆಗಳಲ್ಲಿ ದೇಶದಾದ್ಯಂತ 58,098 ಜನ ಮಲ ಹೊರುವವರು ಸಿಕ್ಕರು ಅಂತ ಸರ್ಕಾರ ಹೇಳಿತು. ಜಾತಿ ಗೊತ್ತಾದವರಲ್ಲಿ ನೂರಕ್ಕೆ 97 ಮಂದಿ ಪರಿಶಿಷ್ಟ ಜಾತಿಯವರು. ಆದರೆ 2011ರ ಸಾಮಾಜಿಕ ಆರ್ಥಿಕ ಜಾತಿಗಣತಿ 1.8 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಈ ಕೆಲಸದವರಿದ್ದಾರೆ ಅಂದಿತ್ತು. 2021ರ ಜುಲೈನಲ್ಲಿ, ಮಲ ಹೊರುವುದರಿಂದ ಯಾರೂ ಸತ್ತ ವರದಿ ಇಲ್ಲ ಅಂತ ಸಂಸತ್ತಿನಲ್ಲಿ ಉತ್ತರ ಬಂತು. ಮ್ಯಾನ್‌ಹೋಲಿನಲ್ಲಿ ಉಸಿರುಕಟ್ಟಿ ಸತ್ತವರು? ಅದು ಬೇರೆ ಕಾಲಂ, "ಅಪಾಯಕಾರಿ ಶುಚಿ ಕೆಲಸ." ಹೆಣ ಒಂದೇ, ಕಾಲಂ ಬೇರೆ.

ಇಷ್ಟು ಓದಿದ ಮೇಲೆ ಕೆಲವು ಗೆಳೆಯರು ಹೇಳಬಹುದು: "ಎಣಿಕೆ ಎಲ್ಲಾ ಮೋಸ. ಎಣಿಸಿದರೆ ಹೊಟ್ಟೆ ತುಂಬುತ್ತಾ? ಫಾರಂ ಹರಿದು ಬಿಸಾಕಿ, ಬೀದಿಗೆ ಬನ್ನಿ." ಈ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಈ ಮಾತನ್ನು ನಾವು ಒಪ್ಪುವುದಿಲ್ಲ.

ಎಣಿಕೆಗೆ ಬೆಲೆ ಇಲ್ಲದಿದ್ದರೆ ಅಧಿಕಾರದಲ್ಲಿರುವವರು ಅದನ್ನು ಬಚ್ಚಿಡುತ್ತಿರಲಿಲ್ಲ. 2017-18ರ ಕಾರ್ಮಿಕ ಸಮೀಕ್ಷೆಯ ವರದಿ ತಡೆಹಿಡಿದದ್ದಕ್ಕೆ 2019ರ ಜನವರಿಯಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ಲೋಕಸಭೆ ಚುನಾವಣೆ ಮುಗಿದ ಮೇಲೆ, ಮೇ 31ರಂದು ವರದಿ ಹೊರಬಂತು. ನಿರುದ್ಯೋಗ ನೂರಕ್ಕೆ 6.1. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇತ್ತು, ಅದು ನಮಗೆ ಹೆಚ್ಚು ಮುಖ್ಯ. ಬೇಸಾಯದ ಹೊರಗೆ ಸಂಬಳದ ಕೆಲಸದಲ್ಲಿರುವವರಲ್ಲೇ ನೂರಕ್ಕೆ 71.1 ಜನಕ್ಕೆ ಬರಹದ ಕರಾರು ಇಲ್ಲ. 54.2 ಜನಕ್ಕೆ ಸಂಬಳದ ರಜೆ ಇಲ್ಲ. 49.6 ಜನಕ್ಕೆ ಪಿ.ಎಫ್., ಪಿಂಚಣಿ, ಆರೋಗ್ಯದಂಥ ಯಾವ ಸಾಮಾಜಿಕ ಭದ್ರತೆಯೂ ಇಲ್ಲ. ನೋಡಿ, ಸರಿಯಾದ ಪ್ರಶ್ನೆ ಕೇಳಿದರೆ ಸರ್ಕಾರದ ಫಾರಂ ಕೂಡ ನಿಜ ಹೇಳುತ್ತದೆ. ಮೀಸಲಾತಿಯ ಪ್ರತಿ ವಾದಕ್ಕೂ ಕೋರ್ಟು "ಅಂಕಿ ಅಂಶ ಎಲ್ಲಿ?" ಅಂತ ಕೇಳುವ ಕಾಲ ಇದು. ಅಂಕಿ ಬೇಡ ಅಂದರೆ ನಮ್ಮ ಆಯುಧವನ್ನು ನಾವೇ ಬಿಸಾಕಿದ ಹಾಗೆ.

ಹಾಗಾದರೆ ಸರಿಯಾದ ಪ್ರಶ್ನೆಗಳು ಯಾವುವು? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಗೈ ಸ್ಟ್ಯಾಂಡಿಂಗ್ ಮತ್ತು ಅವರ ಜೊತೆಗಾರರು ಈ ದಾರಿಯಲ್ಲಿ ಕೆಲಸ ಮಾಡಿದರು. ಕೆಲಸ ಇದೆಯೋ ಇಲ್ಲವೋ ಅಂತ ಬಿಟ್ಟು, ದುಡಿಯುವ ಮನುಷ್ಯನಿಗೆ ಎಷ್ಟು ಭದ್ರತೆ ಇದೆ ಅಂತ ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆಗಳನ್ನು ಹಲವು ದೇಶಗಳಲ್ಲಿ ನಡೆಸಿದರು. ನಮ್ಮ ದೇಶದಲ್ಲಿ ಗುಜರಾತಿನಲ್ಲಿ, ದುಡಿಯುವ ಹೆಂಗಸರ ಸಂಘಟನೆ 'ಸೇವಾ' ಜೊತೆ ಸೇರಿ ಅದು ನಡೆಯಿತು. 2004ರಲ್ಲಿ ಜಗತ್ತಿನ ವರದಿ ಬಂತು, 2010ರಲ್ಲಿ ಗುಜರಾತಿನದು ಪುಸ್ತಕವಾಯಿತು. ಅವರು ಭದ್ರತೆಯನ್ನು ಏಳು ಭಾಗ ಮಾಡಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಸಾಕಷ್ಟು ಕೆಲಸ ಇದೆಯಾ? ಮನಸ್ಸಿಗೆ ಬಂದಾಗ ಕಿತ್ತು ಹಾಕದ ಹಾಗೆ ರಕ್ಷಣೆ ಇದೆಯಾ? ಒಂದು ಹುದ್ದೆ ಅಂತ ಇದ್ದು ಮೇಲಕ್ಕೆ ಹೋಗುವ ದಾರಿ ಇದೆಯಾ? ಕೈಕಾಲು ಜೀವಕ್ಕೆ ಅಪಾಯ ಇಲ್ಲವಾ? ಕಸುಬು ಕಲಿಯುವ ಅವಕಾಶ ಇದೆಯಾ? ಬರುವ ದುಡ್ಡು ನಂಬಬಹುದಾ? ಕೊನೆಯದಾಗಿ, ಬಾಯಿಬಿಟ್ಟು ಕೇಳುವುದಕ್ಕೆ ಸಂಘ ಇದೆಯಾ?

ಪಟ್ಟಣದ ಒಬ್ಬ ಗುತ್ತಿಗೆ ಪೌರಕಾರ್ಮಿಕ ಹೆಂಗಸಿನ ಮುಂದೆ ಈ ಏಳನ್ನೂ ಇಟ್ಟು ನೋಡಿ. ಕೆಲಸ? ಧಾರಾಳ, ಊರ ಕಸ ಮುಗಿಯುವುದೇ ಇಲ್ಲ. ಕಿತ್ತು ಹಾಕದ ಹಾಗೆ ರಕ್ಷಣೆ? ಗುತ್ತಿಗೆದಾರನ ಮರ್ಜಿ. ಮೇಲಕ್ಕೆ ದಾರಿ? ಪೊರಕೆಯಿಂದ ಪೊರಕೆಗೆ. ಜೀವ? ಕೈಗವಸು ಕೂಡ ಇಲ್ಲ. ಕಲಿಯುವುದು? ಕಲಿಸುವವರಾರು? ದುಡ್ಡು? ಬಂದಾಗ ಬಂತು. ಪಿ.ಎಲ್.ಎಫ್.ಎಸ್. ಲೆಕ್ಕದಲ್ಲಿ ಆಕೆ ಉದ್ಯೋಗಸ್ಥೆ, ಅಷ್ಟೇ. ಈ ಏಳರ ಲೆಕ್ಕದಲ್ಲಿ ಆಕೆಗೆ ಮೊದಲನೆಯದು ಬಿಟ್ಟರೆ ಏನೂ ಇಲ್ಲ. ಆದರೆ ಏಳನೆಯದು ಸಿಕ್ಕಿದರೆ ಉಳಿದದ್ದು ಅಲುಗಾಡುತ್ತದೆ. 2022ರ ಜುಲೈನಲ್ಲಿ ನಮ್ಮ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತರು. ಕಾಯಂ ಮಾಡುತ್ತೇವೆ ಅಂತ ಸರ್ಕಾರ ಒಪ್ಪಬೇಕಾಯಿತು. ಬೇಡಿ ತಂದದ್ದಲ್ಲ ಅದು, ಸಂಘ ಕಟ್ಟಿ ತಂದದ್ದು.

ಏಳು ಒಳ್ಳೆಯವೇ. ಆದರೆ ನಮ್ಮ ಕೇರಿಗೆ ಎಂಟನೆಯದೊಂದು ಬೇಕು. ಅದು ಜಾತಿಯ ಪ್ರಶ್ನೆ: ಬೇಡ ಅಂದರೆ ಏನಾಗುತ್ತದೆ? ಹೆಚ್ಚು ಕೂಲಿ ಕೇಳಿದರೆ ಅಂಗಡಿಯಲ್ಲಿ ಉಪ್ಪು ಕೊಡುತ್ತಾರಾ? ತಮಟೆ ಬಡಿಯುವುದಿಲ್ಲ ಅಂದರೆ ಬೋರ್‌ವೆಲ್ಲಿನ ನೀರು ನಿಲ್ಲುತ್ತದಾ? ಸತ್ತ ದನ ಎತ್ತುವುದಿಲ್ಲ ಅಂದರೆ ಹೊಲದ ದಾರಿ ಮುಚ್ಚುತ್ತಾರಾ? ಬೇರೆಯವರಿಗೆ ಕೆಲಸ ಬಿಟ್ಟರೆ ಕೂಲಿ ಮಾತ್ರ ಹೋಗುತ್ತದೆ. ನಮಗೆ ಕೂಲಿಯ ಜೊತೆ ನೀರು, ದಾರಿ, ಅಂಗಡಿ, ಸ್ಮಶಾನ ಎಲ್ಲಾ ಹೋಗಬಹುದು. ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರ ಅಪರಾಧ ಅಂತ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಂದ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಕಾಯಿದೆಗೆ ಗೊತ್ತಿರುವುದು ಕಾರ್ಮಿಕ ಸಮೀಕ್ಷೆಯ ಫಾರಂಗೆ ಯಾಕೆ ಗೊತ್ತಾಗಬಾರದು?

ಆ ಫಾರಂ ಜಾತಿಯ ಬಗ್ಗೆ ಕೇಳುವುದು ಎಸ್.ಸಿ., ಎಸ್.ಟಿ., ಒ.ಬಿ.ಸಿ., ಇತರೆ ಅನ್ನುವ ನಾಲ್ಕು ಚೌಕವನ್ನು. ಕರ್ನಾಟಕದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಗಳೇ 101. ಸಫಾಯಿ ಕೆಲಸದವರ ಅಭದ್ರತೆಯೂ, ಜಮೀನು ತುಂಡು ಇರುವವರ ಅಭದ್ರತೆಯೂ, ಊರೂರು ಅಲೆಯುವ ಅಲೆಮಾರಿಗಳ ಅಭದ್ರತೆಯೂ ಒಂದೇ ಚೌಕದೊಳಗೆ ಕಲಸಿ ಹೋಗುತ್ತದೆ. 2025ರ ಮೇ 5ರಿಂದ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ಮನೆಮನೆಗೆ ಬಂದಾಗ ಎಷ್ಟೋ ಸಣ್ಣ ಜಾತಿಗಳು ತಮ್ಮ ಹೆಸರನ್ನು ತಾವೇ ಹೇಳಿ ಬರೆಸಿದವು. ಮುಂದಿನ ಜನಗಣತಿಯಲ್ಲಿ ಜಾತಿ ಬರೆದುಕೊಳ್ಳುತ್ತೇವೆ ಅಂತ 2025ರ ಏಪ್ರಿಲ್ 30ರಂದು ಕೇಂದ್ರ ಸರ್ಕಾರವೂ ಹೇಳಿತು. ತಲೆ ಎಣಿಸುವುದು ಒಳ್ಳೆಯದೇ. ಆ ತಲೆಯ ಮೇಲಿನ ಹೊರೆಯನ್ನೂ ಎಣಿಸಿ ಅನ್ನುವುದು ನಮ್ಮ ಒತ್ತಾಯ.

ಮನೆಯನ್ನೇ ಒಂದು ಘಟಕ ಮಾಡಿಕೊಳ್ಳುವುದರಲ್ಲೂ ತೊಡಕಿದೆ. ಬಾಗಿಲಲ್ಲಿ ಸಿಕ್ಕಿದ ಯಜಮಾನ ಎಲ್ಲರ ಪರವಾಗಿ ಉತ್ತರ ಕೊಡುತ್ತಾನೆ. "ಹೆಂಗಸರು ಮನೇಲೇ ಇರ್ತಾರೆ ಸಾರ್" ಅಂದುಬಿಡುತ್ತಾನೆ. ಆ ಹೊತ್ತಿನಲ್ಲಿ ಅವನ ಹೆಂಡತಿ ಯಾರದೋ ಗದ್ದೆಯಲ್ಲಿ ನಾಟಿ ಹಾಕುತ್ತಿರುತ್ತಾಳೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆ ಗುಳೆ ಹೋದ ಮನೆಗಳಿಗೆ ಬೀಗ. ಬೀಗಕ್ಕೆ ಪ್ರಶ್ನೆ ಕೇಳಲು ಆಗುತ್ತದಾ? ಅವರು ಬೆಂಗಳೂರಿನ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿರುತ್ತಾರೆ, ಕೆಲಸ ಮುಗಿದರೆ ಅಲ್ಲಿಂದಲೂ ಎದ್ದು ಹೋಗುತ್ತಾರೆ. ಎಲ್ಲರಿಗಿಂತ ಅಭದ್ರರು ಯಾರೋ ಅವರೇ ಲೆಕ್ಕದ ಕೈಗೆ ಎಲ್ಲರಿಗಿಂತ ಕಮ್ಮಿ ಸಿಗುತ್ತಾರೆ.

ಗೆಳೆಯರೇ, ಹಾಸ್ಟೆಲ್ಲಿನ ಅನ್ನ ಉಣ್ಣುತ್ತಿರುವ ನಮ್ಮ ಮೇಲೆ ಒಂದು ಜವಾಬ್ದಾರಿ ಇದೆ. ಮನೆಯಲ್ಲಿ ಮೊದಲು ಅಕ್ಷರ ಕಲಿತವರು ನಾವು. ಫಾರಂ ಓದಲು ಬರುವವರು ನಾವು. ರಜೆಗೆ ಊರಿಗೆ ಹೋದಾಗ ಇಷ್ಟು ಮಾಡೋಣ.

ಗಣತಿಗೆ ಮೇಷ್ಟ್ರು, ಮೇಡಂ ಯಾರೇ ಬಂದರೂ ಅವರನ್ನು ಮರ್ಯಾದೆಯಿಂದ ಕೇರಿಯ ಒಳಕ್ಕೆ ಕರೆಯೋಣ. ಅವರೂ ಸಂಬಳಕ್ಕೆ ದುಡಿಯುವವರೇ. ರಸ್ತೆಯ ಮೇಲೆ ನಿಂತು, ಜಗಲಿಯ ಮೇಲೆ ಕೂತು ನಮ್ಮ ಉತ್ತರ ಬರೆಯುವುದು ಬೇಡ. ಅವ್ವನ ಉತ್ತರವನ್ನು ಅವ್ವನೇ ಹೇಳಲಿ. ಬರೆದದ್ದನ್ನು ಓದಿ ಹೇಳಿ ಅಂತ ಕೇಳೋಣ. ಎಷ್ಟು ದಿನ ಕೆಲಸ ಸಿಕ್ಕಿತು, ಎಷ್ಟು ದಿನ ಬರಿಗೈ, ಎರಡೂ ಹೇಳಿಸೋಣ.

ಸರ್ಕಾರದ ಫಾರಂ ಕೇಳದ್ದನ್ನು ನಾವು ಕೇಳೋಣ. ಒಂದು ಹಾಳೆ ಸಾಕು. ಕಳೆದ ತಿಂಗಳು ಎಷ್ಟು ದಿನ ಕೂಲಿ? ಗಂಡಸಿಗೆ ಎಷ್ಟು, ಹೆಂಗಸಿಗೆ ಎಷ್ಟು? ಮುಂಗಡ ಇದೆಯಾ, ಯಾರ ಹತ್ತಿರ? ಕಾಯಿಲೆ ಬಿದ್ದರೆ ಯಾರ ಮನೆ ಬಾಗಿಲಿಗೆ ಹೋಗುತ್ತೀರಿ? ಬೇಡ ಅಂದರೆ ಏನಾಗುತ್ತದೆ? ಈ ಕೊನೆಯದನ್ನು ಮರೆಯಬೇಡಿ. ಹೇಳಿದವರ ಹೆಸರು ಬರೆಯಬೇಡಿ, ಊರಿನವರ ಕೈಗೆ ಹಾಳೆ ಸಿಕ್ಕಿದರೆ ಹೊಡೆತ ಬೀಳುವುದು ಅವರಿಗೆ. ಹತ್ತು ಹಾಸ್ಟೆಲ್ಲಿನ ಹುಡುಗ ಹುಡುಗಿಯರು ಹತ್ತು ಹತ್ತು ಕೇರಿಯ ಲೆಕ್ಕ ತಂದರೆ ನೂರು ಕೇರಿಯಾಯಿತು. ತಹಶೀಲ್ದಾರರ ಮುಂದೆ, ಜಿಲ್ಲಾ ಪಂಚಾಯತಿಯ ಮುಂದೆ ಇಟ್ಟು ಮಾತಾಡುವುದಕ್ಕೆ ಅದು ಸಾಕು.

ಕವಿತೆ ಬರೆಯುವ ನಮಗೆ ಅಂಕಿಗಳ ಜೊತೆ ಏನು ಕೆಲಸ ಅಂತ ಕೆಲವರು ನಗಬಹುದು. ಕಣ್ಣೀರನ್ನು ಕವಿತೆ ಮಾಡಿದರೆ ಸಭೆ ಚಪ್ಪಾಳೆ ಹೊಡೆಯುತ್ತದೆ. ಎಷ್ಟು ಮನೆಯಲ್ಲಿ, ಯಾರಿಂದ, ಯಾವತ್ತಿನಿಂದ ಈ ಕಣ್ಣೀರು ಅಂತ ಲೆಕ್ಕ ಹಿಡಿದು ನಿಂತರೆ ಅದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ. ನಮಗೆ ಎರಡೂ ಬೇಕು.

ಕೆಲಸ ಇದೆಯಾ ಅಂತ ಮುಂದಿನ ಸಲ ಯಾರಾದರೂ ಕೇಳಿದರೆ, ಇದೆ ಅಂತ ಹೇಳಿ ಸುಮ್ಮನಾಗಬೇಡಿ. ಇದೆ ಸ್ವಾಮಿ, ಆದರೆ ಬೇಡ ಅನ್ನುವ ಹಕ್ಕಿಲ್ಲ, ಅದನ್ನೂ ಬರೆದುಕೊಳ್ಳಿ ಅನ್ನಿ. ಕಾಲಂ ಇಲ್ಲ ಅಂದರೆ, ಕಾಲಂ ಹಾಕಿಸುವ ತನಕ ನಾವು ಬಿಡುವುದಿಲ್ಲ ಅನ್ನಿ.

ಜೈ ಭೀಮ್.